ಓದುಗರ ಪ್ರಶ್ನೆ, ನಮ್ಮ ಉತ್ತರ: ನರಮೇಧದ ನಂತರ ಉಳಿದ ತಾಯಂದಿರು, ಮಕ್ಕಳು

ಆಫ್ರಿಕಾ ಖಂಡದ ಪುಟ್ಟ ದೇಶ ರುವಾಂಡಾದಲ್ಲಿ 1994ರಲ್ಲಿ ನಡೆದ ಟುಟ್ಸಿ ಜನರ ನರಮೇಧದ ನೆನಪಿಗಾಗಿ ವಿಶ್ವಸಂಸ್ಥೆಯು ಪ್ರತಿ ವರ್ಷ ಏಪ್ರಿಲ್ 7ನ್ನು ಸ್ಮರಣೆಯ ದಿನವಾಗಿ ಆಚರಿಸುತ್ತದೆ. ಆ ದಿನದ ಸುದ್ದಿಗಳನ್ನು ಓದಿದ ಹಲವರು ನಮಗೆ ಪತ್ರ ಬರೆದಿದ್ದಾರೆ. ಬಂದ ಪ್ರಶ್ನೆಗಳಲ್ಲಿ ಬಹುಪಾಲು ಹೆಂಗಸರನ್ನೂ ಮಕ್ಕಳನ್ನೂ ಕುರಿತವೇ ಆಗಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಬಿಟ್ಟುಕೊಟ್ಟಿದ್ದೇವೆ. ಹತ್ತು ದೇಶಗಳ ಹೆಸರು ಹೇಳಿ ಮುಗಿಸುವುದಕ್ಕಿಂತ ಒಂದು ದೇಶದಲ್ಲಿ ಆದದ್ದನ್ನು ನಿಂತು ನೋಡುವುದು ಮೇಲು ಎನ್ನಿಸಿದ್ದರಿಂದ ಉತ್ತರಗಳು ಹೆಚ್ಚಾಗಿ ರುವಾಂಡಾದ ಸುತ್ತಲೇ ಇವೆ.

ಪ್ರಶ್ನೆ: ಯುದ್ಧ ನಡೆದಾಗಲೆಲ್ಲ ಹೆಂಗಸರು, ಮಕ್ಕಳು ಸಾಯುತ್ತಾರೆ. ನರಮೇಧದಲ್ಲಿ ಅವರಿಗೆ ಆಗುವ ಹಾನಿ ಯಾವ ರೀತಿಯಲ್ಲಿ ಬೇರೆ? ಕೊಲ್ಲುವವರು ಗಂಡಸರನ್ನು ಕೊಂದು ಉಳಿದವರನ್ನು ಬಿಟ್ಟುಬಿಡುವುದಿಲ್ಲವೆ?
(ಎಂ.ಎ. ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಯುದ್ಧದಲ್ಲಿ ಸೋಲಿಸಬೇಕಾಗಿರುವುದು ಎದುರಾಳಿಯ ಸೈನ್ಯವನ್ನು; ಸಾಮಾನ್ಯರ ಸಾವು ಎಷ್ಟೇ ದೊಡ್ಡದಿದ್ದರೂ ಅದು ಯುದ್ಧದ ಉದ್ದೇಶವಾಗಿರಬೇಕಿಲ್ಲ. ನರಮೇಧದ ಉದ್ದೇಶವಾದರೋ ಒಂದು ಸಮುದಾಯ ನಾಳೆ ಇರಲೇಬಾರದು ಎಂಬುದು. ನಾಳೆ ಇರಬಾರದೆಂದ ಮೇಲೆ ಹೆರುವವರೂ ಬೆಳೆಯುವವರೂ ಮೊದಲು ಲೆಕ್ಕಕ್ಕೆ ಬರುತ್ತಾರೆ. 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಒಪ್ಪಂದದ ಎರಡನೆಯ ವಿಧಿ ಐದು ಕೃತ್ಯಗಳನ್ನು ನರಮೇಧವೆಂದು ಹೆಸರಿಸುತ್ತದೆ. ಅವುಗಳಲ್ಲಿ ಕೊಲೆ ಒಂದು ಮಾತ್ರ. ಸಮುದಾಯದಲ್ಲಿ ಮಕ್ಕಳು ಹುಟ್ಟದಂತೆ ತಡೆಯುವುದು ಮತ್ತು ಹುಟ್ಟಿದ ಮಕ್ಕಳನ್ನು ಬಲವಂತವಾಗಿ ಬೇರೆ ಸಮುದಾಯಕ್ಕೆ ಸೇರಿಸುವುದು ಅದೇ ಪಟ್ಟಿಯಲ್ಲಿವೆ. ಆ ಒಪ್ಪಂದವನ್ನು ಬರೆದವರು ಯೂರೋಪಿನ ಯಹೂದಿಗಳಿಗೆ ಆದದ್ದನ್ನು ಕಣ್ಣ ಮುಂದೆ ಇಟ್ಟುಕೊಂಡಿದ್ದರು. ಹೆಂಗಸರು ಮತ್ತು ಮಕ್ಕಳು ಈ ಅಪರಾಧದ ಅಂಚಿನಲ್ಲಿ ಸಿಕ್ಕಿಬೀಳುವವರಲ್ಲ, ಅದರ ನಡುವೆಯೇ ಇರುವವರು ಎಂಬುದು ಅವರಿಗೆ ಆಗಲೇ ತಿಳಿದಿತ್ತು.

ರುವಾಂಡಾದಲ್ಲಿ ಹುಟು ಮತ್ತು ಟುಟ್ಸಿ ಜನ ಒಂದೇ ಭಾಷೆಯನ್ನಾಡುತ್ತಿದ್ದರು, ಒಂದೇ ಬೆಟ್ಟದ ಇಳಿಜಾರಿನಲ್ಲಿ ಅಕ್ಕಪಕ್ಕ ಹೊಲ ಮಾಡುತ್ತಿದ್ದರು, ಒಂದೇ ಇಗರ್ಜಿಗೆ ಹೋಗುತ್ತಿದ್ದರು, ಕೊಟ್ಟು ತರುವ ನಂಟಸ್ತಿಕೆಯೂ ಅವರ ನಡುವೆ ಇತ್ತು. 1930ರ ದಶಕದಲ್ಲಿ ಬೆಲ್ಜಿಯಂನ ವಸಾಹತು ಆಡಳಿತ ಪ್ರತಿಯೊಬ್ಬರಿಗೂ ಗುರುತಿನ ಚೀಟಿ ಕೊಟ್ಟು, ಅದರಲ್ಲಿ ಹುಟು, ಟುಟ್ಸಿ ಅಥವಾ ಟ್ವಾ ಎಂದು ನಮೂದಿಸಿತು. ಮಗುವಿನ ಚೀಟಿಯಲ್ಲಿ ತಂದೆಯ ಗುಂಪು ಬರುತ್ತಿತ್ತು. ತಾಯಿ ಯಾರೆಂಬುದಕ್ಕೆ ಅಲ್ಲಿ ಬೆಲೆ ಇರಲಿಲ್ಲ. ಈ ಒಂದು ಅಂಶವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಮುಂದಿನ ಬಹುತೇಕ ಎಲ್ಲ ಉತ್ತರಗಳಲ್ಲೂ ಅದು ಮತ್ತೆ ಬರುತ್ತದೆ. ಯಾರ ಮಗು ಯಾರನ್ನು ಸೇರುತ್ತದೆ ಎಂಬುದನ್ನು ತಂದೆಯಿಂದಲೇ ಎಣಿಸುವ ಕಡೆ ನರಮೇಧವು ಹೆಂಗಸರ ಮೈಯನ್ನೂ ಮಕ್ಕಳ ಹುಟ್ಟನ್ನೂ ಆಯುಧ ಮಾಡಿಕೊಳ್ಳುತ್ತದೆ, ಮತ್ತು ಕೊಲೆ ನಿಂತ ಮೇಲೂ ಅದೇ ಲೆಕ್ಕ ಹೊಲದ ಪಹಣಿಯಲ್ಲಿ, ಶಾಲೆಯ ದಾಖಲೆಯಲ್ಲಿ, ಬಂಧುಗಳ ಬಾಯಲ್ಲಿ ಮುಂದುವರಿಯುತ್ತದೆ.

1994ರ ಏಪ್ರಿಲ್ 6ರ ರಾತ್ರಿ ಹುಟು ಸಮುದಾಯದ ಅಧ್ಯಕ್ಷ ಜುವೆನಾಲ್ ಹಬ್ಯರಿಮಾನ ಅವರ ವಿಮಾನವನ್ನು ರಾಜಧಾನಿ ಕಿಗಾಲಿಯಲ್ಲಿ ಹೊಡೆದುರುಳಿಸಲಾಯಿತು. ಮರುದಿನದಿಂದ ಸುಮಾರು ನೂರು ದಿನಗಳಲ್ಲಿ ಹುಟು ಉಗ್ರವಾದಿಗಳ ಕೈಯಲ್ಲಿ, ವಿಶ್ವಸಂಸ್ಥೆಯ ಅಂದಾಜಿನಂತೆ ಎಂಟು ಲಕ್ಷ, ಈಗಿನ ರುವಾಂಡಾ ಸರ್ಕಾರದ ಲೆಕ್ಕದಂತೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಬಹುಪಾಲು ಟುಟ್ಸಿಗಳು. ಕೊಲೆಯನ್ನು ವಿರೋಧಿಸಿದ ಹುಟುಗಳೂ ಅವರೊಂದಿಗಿದ್ದರು. ರಸ್ತೆ ತಡೆಗಳಲ್ಲಿ ಕೇಳುತ್ತಿದ್ದುದು ಆ ಗುರುತಿನ ಚೀಟಿಯನ್ನೇ. ಮಕ್ಕಳನ್ನು ಬಿಡಬಾರದೆಂಬುದಕ್ಕೆ ಕೊಲೆಗಾರರ ಬಳಿ ಒಂದು ‘ಕಾರಣ’ವೂ ಸಿದ್ಧವಾಗಿತ್ತು. 1959ರ ಗಲಭೆಗಳ ಕಾಲದಲ್ಲಿ ಉಗಾಂಡಾಕ್ಕೆ ಓಡಿಹೋದ ಟುಟ್ಸಿ ಕುಟುಂಬಗಳ ಮಕ್ಕಳೇ ಬೆಳೆದು, ಬಂದೂಕು ಹಿಡಿದು, 1990ರಲ್ಲಿ ಗಡಿ ದಾಟಿ ಬಂದಿದ್ದರು. ಮುಂದೆ ಅವರ ನಾಯಕನಾದ ಪಾಲ್ ಕಗಾಮೆ ದೇಶ ಬಿಟ್ಟಾಗ ಪುಟ್ಟ ಮಗು. ಅಂದು ಮಕ್ಕಳನ್ನು ಉಳಿಸಿದ ತಪ್ಪನ್ನು ಮತ್ತೆ ಮಾಡಬೇಡಿ ಎಂಬ ಪ್ರಚಾರ ಊರೂರಿಗೂ ಮುಟ್ಟಿತ್ತು. ಟುಟ್ಸಿ ತಂದೆಯ ಮಗು ಹುಟು ತಾಯಿಯ ಮಡಿಲಲ್ಲಿದ್ದರೂ ಉಳಿಯುವ ಭರವಸೆ ಇರಲಿಲ್ಲ. ಹೆಂಗಸರ ವಿಷಯದಲ್ಲಿ ಪ್ರಚಾರ ಇನ್ನೂ ಮೊದಲೇ ಶುರುವಾಗಿತ್ತು. 1990ರ ಡಿಸೆಂಬರಿನಲ್ಲಿ ‘ಕಂಗುರ’ ಎಂಬ ಪತ್ರಿಕೆ ‘ಹುಟುಗಳ ಹತ್ತು ಕಟ್ಟಳೆ’ಗಳನ್ನು ಪ್ರಕಟಿಸಿದಾಗ ಅದರ ಮೊದಲ ಕಟ್ಟಳೆಯೇ ಟುಟ್ಸಿ ಹೆಣ್ಣನ್ನು ಕುರಿತದ್ದಾಗಿತ್ತು: ಅವಳನ್ನು ಮದುವೆಯಾಗುವ ಹುಟು ಗಂಡಸು ದ್ರೋಹಿ ಎಂದು ಅದು ಸಾರಿತ್ತು.

ಪ್ರಶ್ನೆ: ಇಂಥ ಘೋರಗಳು ಬಡ ದೇಶಗಳಲ್ಲಿ ಮಾತ್ರ ಏಕೆ ನಡೆಯುತ್ತವೆ?
(ಓದುಗರೊಬ್ಬರು, ಹಾಸನ)

ಉತ್ತರ: ಬಡ ದೇಶಗಳಲ್ಲಿ ಮಾತ್ರ ನಡೆಯುವುದಿಲ್ಲ. ಜರ್ಮನಿ ತನ್ನ ಕಾಲದ ಅತ್ಯಂತ ವಿದ್ಯಾವಂತ ದೇಶಗಳಲ್ಲಿ ಒಂದಾಗಿತ್ತು. ಬಡತನದಿಂದ ವ್ಯತ್ಯಾಸವಾಗುವುದು ಮುಖ್ಯವಾಗಿ ಆಮೇಲಿನ ಬದುಕಿನಲ್ಲಿ. ರುವಾಂಡಾದ ಹೆಂಗಸರಲ್ಲಿ ಎರಡೂವರೆ ಲಕ್ಷದಿಂದ ಐದು ಲಕ್ಷದವರೆಗೆ ಅತ್ಯಾಚಾರಕ್ಕೆ ಒಳಗಾದರೆಂದು ವಿಶ್ವಸಂಸ್ಥೆಯ ವಿಶೇಷ ವರದಿಗಾರರು 1996ರಲ್ಲಿ ಅಂದಾಜು ಮಾಡಿದರು. ಅವರಲ್ಲಿ ಬಹಳ ಜನರಿಗೆ ಎಚ್‌ಐವಿ ತಗುಲಿತ್ತು. ಎಚ್‌ಐವಿಯನ್ನು ಹತೋಟಿಯಲ್ಲಿ ಇಡುವ ಔಷಧಗಳು 1996ರ ಹೊತ್ತಿಗೆ ಶ್ರೀಮಂತ ದೇಶಗಳಲ್ಲಿ ಬಳಕೆಗೆ ಬಂದಿದ್ದವು. ರುವಾಂಡಾದ ಹಳ್ಳಿಯ ವಿಧವೆಗೆ ಅವು ಸಿಗಲು ಇನ್ನೂ ಎಷ್ಟೋ ವರ್ಷ ಬೇಕಾಯಿತು. ಈ ನಡುವೆ, ಟಾಂಜಾನಿಯಾದ ಅರುಶಾದಲ್ಲಿ ವಿಶ್ವಸಂಸ್ಥೆಯ ನ್ಯಾಯಮಂಡಳಿಯ ಸೆರೆಯಲ್ಲಿದ್ದ ಆರೋಪಿಗಳಿಗೆ ಅದೇ ಔಷಧಗಳು ದೊರೆಯುತ್ತಿದ್ದವು, ಏಕೆಂದರೆ ಕೈದಿಗಳ ಆರೋಗ್ಯ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಮಂಡಳಿಯ ಹೊಣೆಯಾಗಿತ್ತು. ಆರೋಪಿ ಬದುಕಿ ವಿಚಾರಣೆಗೆ ಬಂದು, ಅವನ ವಿರುದ್ಧ ಸಾಕ್ಷಿ ಹೇಳಬೇಕಾದವಳು ಔಷಧವಿಲ್ಲದೆ ಸಾಯುವ ಸ್ಥಿತಿ ಇದು. ನಿಯಮ ಮಾಡಿದವರಲ್ಲಿ ಯಾರೂ ಕೆಟ್ಟವರಿರಲಿಲ್ಲ. ಸಾಕ್ಷಿಯ ಆರೋಗ್ಯ ಯಾರ ಹೊಣೆ ಎಂಬುದನ್ನು ಯಾವ ನಿಯಮವೂ ಹೇಳಿರಲಿಲ್ಲ, ಅಷ್ಟೆ.

ಪ್ರಶ್ನೆ: ಅತ್ಯಾಚಾರವನ್ನು ನರಮೇಧವೆಂದು ನ್ಯಾಯಾಲಯವೊಂದು ತೀರ್ಪು ಕೊಟ್ಟಿತೆಂದು ಓದಿದ್ದೇನೆ. ಕೊಲೆಯಲ್ಲದ ಕೃತ್ಯವನ್ನು ಹಾಗೆ ಕರೆಯುವುದು ಹೇಗೆ? ಆ ಮೊಕದ್ದಮೆಯ ವಿವರ ತಿಳಿಸುವಿರಾ?
(ನಿವೃತ್ತ ಶಿಕ್ಷಕರು, ಮಂಗಳೂರು)

ಉತ್ತರ: ನೀವು ಓದಿರುವುದು ಜಾನ್ ಪಾಲ್ ಅಕಾಯೇಸು ಎಂಬಾತನ ಮೊಕದ್ದಮೆಯ ವಿಷಯ. ಆತನೂ ಹಿಂದೆ ಶಿಕ್ಷಕನಾಗಿದ್ದವನು, ಶಾಲಾ ತನಿಖಾಧಿಕಾರಿಯಾಗಿದ್ದವನು. 1994ರಲ್ಲಿ ಟಾಬಾ ಎಂಬ ಆಡಳಿತ ವಿಭಾಗದ ಮುಖ್ಯಸ್ಥ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1994ರ ನವೆಂಬರಿನಲ್ಲಿ ರುವಾಂಡಾಕ್ಕಾಗಿ ಒಂದು ಅಂತರರಾಷ್ಟ್ರೀಯ ನ್ಯಾಯಮಂಡಳಿಯನ್ನು ರಚಿಸಿ, ಅದನ್ನು ಅರುಶಾದಲ್ಲಿ ಕೂರಿಸಿತು. ಅಕಾಯೇಸುವಿನ ವಿಚಾರಣೆ 1997ರ ಜನವರಿಯಲ್ಲಿ ಆರಂಭವಾದಾಗ ಆರೋಪಪಟ್ಟಿಯಲ್ಲಿ ಅತ್ಯಾಚಾರದ ಸುದ್ದಿಯೇ ಇರಲಿಲ್ಲ. ಕೊಲೆಯ ಬಗ್ಗೆ ಸಾಕ್ಷಿ ಹೇಳಲು ಬಂದ ಒಬ್ಬ ತಾಯಿ, ತನ್ನ ಆರು ವರ್ಷದ ಮಗಳ ಮೇಲೆ ಮೂವರು ಅತ್ಯಾಚಾರ ಮಾಡಿದ್ದನ್ನು ನಡುವೆ ಹೇಳಿದಳು. ಬಳಿಕ ಬಂದ ಇನ್ನೊಬ್ಬ ಹೆಂಗಸು, ಟಾಬಾದ ಆಡಳಿತ ಕಚೇರಿಯ ಆವರಣದಲ್ಲೇ ಇಂಥವು ನಡೆದವೆಂದಳು. ತಮಗೆ ರಕ್ಷಣೆ ಸಿಕ್ಕೀತೆಂದು ನಂಬಿ ಹೆಂಗಸರು ಆಶ್ರಯಕ್ಕಾಗಿ ಬಂದು ಕುಳಿತಿದ್ದ ಕಚೇರಿ ಅದು.

ಪೀಠದಲ್ಲಿ ಮೂವರು ನ್ಯಾಯಾಧೀಶರಿದ್ದರು. ಅವರಲ್ಲಿ ಒಬ್ಬರೇ ಹೆಂಗಸು, ನವನೀತಂ ಪಿಳ್ಳೈ. ದಕ್ಷಿಣ ಆಫ್ರಿಕಾದ ಡರ್ಬನ್ನಿನ ತಮಿಳು ಮೂಲದ ಕುಟುಂಬದಲ್ಲಿ ಹುಟ್ಟಿದವರು, ಮುಂದೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಹೈಕಮಿಷನರ್ ಆದವರು. ಆಗ ಪೀಠದಿಂದ ಬಂದ ಪ್ರಶ್ನೆಗಳಿಂದ, ಮತ್ತು ಹೊರಗೆ ಮಹಿಳಾ ಹಕ್ಕುಗಳ ಸಂಘಟನೆಗಳು ಎತ್ತಿದ ಒತ್ತಾಯದಿಂದ, ಪ್ರಾಸಿಕ್ಯೂಷನ್ 1997ರ ಜೂನಿನಲ್ಲಿ ಆರೋಪಪಟ್ಟಿಯನ್ನು ತಿದ್ದಿ ಲೈಂಗಿಕ ಹಿಂಸೆಯನ್ನು ಅದಕ್ಕೆ ಸೇರಿಸಿತು. ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಹೆಂಗಸರು ನಾಚಿಕೆಯಿಂದ ಬಾಯಿ ಬಿಡುವುದಿಲ್ಲ, ಆದ್ದರಿಂದ ಸಾಕ್ಷ್ಯ ಸಿಗುವುದಿಲ್ಲ ಎಂಬ ವಿವರಣೆಯನ್ನು ತನಿಖೆ ನಡೆಸುವವರಿಂದ ನಾವು ಮತ್ತೆ ಮತ್ತೆ ಕೇಳುತ್ತೇವೆ. ಟಾಬಾದ ಹೆಂಗಸರು ಬಾಯಿ ಬಿಟ್ಟರು. ಕೇಳುವವರಿಗೆ ಕೇಳಬೇಕೆಂದು ತೋಚಿದ ಮೇಲೆ.

1998ರ ಸೆಪ್ಟೆಂಬರ್ 2ರಂದು ತೀರ್ಪು ಬಂತು. ಅಂತರರಾಷ್ಟ್ರೀಯ ನ್ಯಾಯಾಲಯವೊಂದು ವಿಚಾರಣೆ ನಡೆಸಿ ನರಮೇಧಕ್ಕೆ ಶಿಕ್ಷೆ ವಿಧಿಸಿದ್ದು ಅದೇ ಮೊದಲು. ಅತ್ಯಾಚಾರ ನರಮೇಧದ ಕೃತ್ಯವಾಗಬಲ್ಲದು ಎಂದದ್ದೂ ಅದೇ ಮೊದಲು. ನಿಮ್ಮ ಪ್ರಶ್ನೆಗೆ ತೀರ್ಪು ಎರಡು ರೀತಿಯಲ್ಲಿ ಉತ್ತರಿಸುತ್ತದೆ. ಒಪ್ಪಂದದ ಪಟ್ಟಿಯಲ್ಲಿ ಸಮುದಾಯದವರಿಗೆ ದೇಹದ ಅಥವಾ ಮನಸ್ಸಿನ ಗಂಭೀರ ಹಾನಿ ಮಾಡುವುದೂ ಇದೆ. ಟುಟ್ಸಿ ಹೆಂಗಸರ ಮೇಲೆ, ಅವರು ಟುಟ್ಸಿಗಳೆಂಬ ಕಾರಣಕ್ಕೇ, ಅವರ ಸಮುದಾಯವನ್ನು ನಾಶಮಾಡುವ ಉದ್ದೇಶದಿಂದಲೇ ನಡೆದ ಅತ್ಯಾಚಾರ ಅಂಥ ಹಾನಿ. ಇನ್ನೊಂದು, ಜನನವನ್ನು ತಡೆಯುವ ಕ್ರಮಗಳ ಬಗೆಗಿನ ಮಾತು. ತಂದೆಯಿಂದ ಗುರುತು ಬರುವ ಸಮಾಜದಲ್ಲಿ ಬೇರೆ ಗುಂಪಿನ ಗಂಡಸು ಉದ್ದೇಶಪೂರ್ವಕವಾಗಿ ಬಲಾತ್ಕಾರದಿಂದ ಗರ್ಭ ಕಟ್ಟಿಸಿದರೆ, ಹುಟ್ಟುವ ಮಗು ತಾಯಿಯ ಗುಂಪಿಗೆ ಸೇರುವುದಿಲ್ಲ. ಅತ್ಯಾಚಾರಕ್ಕೊಳಗಾದವಳು ಆ ಆಘಾತದಿಂದ ಮುಂದೆ ಹೆರಲು ನಿರಾಕರಿಸಲೂಬಹುದು. ಎರಡೂ ಜನನವನ್ನು ತಡೆದಂತೆಯೇ ಎಂದು ಪೀಠ ವಿವರಿಸಿತು. ಗುರುತಿನ ಚೀಟಿಯ ಸಣ್ಣ ನಮೂದು ಹೀಗೆ ತೀರ್ಪಿನ ತರ್ಕದಲ್ಲೂ ಬಂದು ನಿಂತಿತು. ಅಕಾಯೇಸುವಿಗೆ ಜೀವಾವಧಿ ಶಿಕ್ಷೆಯಾಯಿತು.

ಪ್ರಶ್ನೆ: ಕೊಂದವರಲ್ಲಿ ಹೆಂಗಸರೂ ಇದ್ದರೆ?
(ಗೃಹಿಣಿ, ಚಿಕ್ಕಮಗಳೂರು)

ಉತ್ತರ: ಇದ್ದರು. ಆಗಿನ ಸರ್ಕಾರದಲ್ಲಿ ಕುಟುಂಬ ಮತ್ತು ಮಹಿಳಾ ವ್ಯವಹಾರಗಳ ಮಂತ್ರಿಯಾಗಿದ್ದ ಪೌಲೀನ್ ನ್ಯಿರಮಾಸುಹುಕೊ, ಅತ್ಯಾಚಾರಗಳ ಹೊಣೆಯೂ ಸೇರಿದಂತೆ ಹಲವು ಆರೋಪಗಳ ಮೇಲೆ 2011ರಲ್ಲಿ ಶಿಕ್ಷೆಗೊಳಗಾದಳು. ಅವಳೊಡನೆ ಅವಳ ಮಗನಿಗೂ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಅವಳ ಜೀವಾವಧಿ ಶಿಕ್ಷೆ 47 ವರ್ಷಕ್ಕೆ ಇಳಿಯಿತು.

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಅಷ್ಟೊಂದು ಕೊಲೆಗಳನ್ನು ಕಂಡ ಮಕ್ಕಳು ಆಮೇಲೆ ಶಾಲೆಗೆ ಬಂದರೆ? ಅವರನ್ನು ಸಾಕಿದವರು ಯಾರು? ಅತ್ಯಾಚಾರದಿಂದ ಹುಟ್ಟಿದ ಮಕ್ಕಳು ಏನಾದರು?
(ಶಿಕ್ಷಕಿ, ಮೈಸೂರು)

ಉತ್ತರ: ನಿಮ್ಮ ಮೂರು ಪ್ರಶ್ನೆಗಳಿಗೂ ಒಟ್ಟಿಗೆ ಉತ್ತರಿಸಬೇಕಾಗಿದೆ, ಏಕೆಂದರೆ ಶಾಲೆ, ಸಾಕಣೆ, ಹುಟ್ಟು ಈ ಮೂರೂ ಅಲ್ಲಿ ಒಂದಕ್ಕೊಂದು ತೊಡರಿಕೊಂಡಿದ್ದವು. ನರಮೇಧ ಮುಗಿದ ಮರುವರ್ಷ ಯುನಿಸೆಫ್ ನೆರವಿನಿಂದ ಎಂಟರಿಂದ ಹತ್ತೊಂಬತ್ತು ವರ್ಷದೊಳಗಿನ ಸುಮಾರು ಮೂರು ಸಾವಿರ ಮಕ್ಕಳನ್ನು ಮಾತನಾಡಿಸಲಾಯಿತು. ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ತಾವು ಸಾಯುವುದು ಖಂಡಿತವೆಂದು ಆ ದಿನಗಳಲ್ಲಿ ನಂಬಿದ್ದರು. ಬಹುಪಾಲು ಮಕ್ಕಳ ಮನೆಯಲ್ಲಿ ಸಾವು ಆಗಿತ್ತು. ಯಾರನ್ನಾದರೂ ಕೊಲ್ಲುವುದನ್ನೋ ಗಾಯಗೊಳಿಸುವುದನ್ನೋ ಮೂರರಲ್ಲಿ ಎರಡು ಪಾಲಿನಷ್ಟು ಮಕ್ಕಳು ಕಣ್ಣಾರೆ ಕಂಡಿದ್ದರು. ಇಗರ್ಜಿಗಳೂ ಶಾಲೆಗಳೂ ಹತ್ಯೆಯ ಸ್ಥಳಗಳಾಗಿದ್ದ ದೇಶದಲ್ಲಿ ಮಗುವನ್ನು ಮತ್ತೆ ಶಾಲೆಗೆ ಕಳಿಸುವುದೆಂದರೆ ಏನೆಂಬುದನ್ನು ಶಿಕ್ಷಕಿಯಾದ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ. ಕೊಂದವರಲ್ಲೂ ಸತ್ತವರಲ್ಲೂ ಶಿಕ್ಷಕರಿದ್ದರು.

ಸುಮಾರು ಒಂದು ಲಕ್ಷ ಮಕ್ಕಳು ತಂದೆತಾಯಿಯರನ್ನು ಕಳೆದುಕೊಂಡೋ ಅವರಿಂದ ಬೇರ್ಪಟ್ಟೋ ಒಂಟಿಯಾದರು. ಮಕ್ಕಳ ಭಾವಚಿತ್ರ ತೆಗೆದು, ಶಿಬಿರಗಳಲ್ಲಿ ತೂಗುಹಾಕಿ, ಗುರುತು ಹಿಡಿಯುವ ಬಂಧುಗಳಿಗಾಗಿ ಕಾಯುವ ಕೆಲಸವನ್ನು ರೆಡ್‌ಕ್ರಾಸ್ ಮತ್ತು ಯುನಿಸೆಫ್ ವರ್ಷಗಟ್ಟಲೆ ನಡೆಸಿದವು. ಎಷ್ಟೋ ಮಕ್ಕಳನ್ನು ಅಜ್ಜಿಯರು, ಚಿಕ್ಕಮ್ಮಂದಿರು, ಸಂಬಂಧವೇ ಇಲ್ಲದ ವಿಧವೆಯರು ತೆಗೆದುಕೊಂಡು ಹೋಗಿ ಸಾಕಿದರು. ಯಾರೂ ಬಾರದ ಕಡೆ ಹನ್ನೆರಡು ಹದಿಮೂರು ವರ್ಷದ ಅಕ್ಕನೋ ಅಣ್ಣನೋ ಮನೆಯ ಯಜಮಾನಿಕೆ ವಹಿಸಿಕೊಂಡರು. ಇಂಥ ಸಾವಿರಾರು ಮನೆಗಳಿದ್ದವು. ಅಲ್ಲಿ ಮೊದಲು ಶಾಲೆ ಬಿಟ್ಟವಳು ಸಾಮಾನ್ಯವಾಗಿ ಹಿರಿಯ ಹುಡುಗಿ; ತಮ್ಮಂದಿರು ಕಲಿಯಲಿ ಎಂದು ಅವಳು ಹೊಲಕ್ಕೆ ಹೋದಳು. ತಂದೆಯ ಜಮೀನನ್ನು ‘ನೋಡಿಕೊಳ್ಳುತ್ತೇವೆ’ ಎಂದು ಬಂದ ದಾಯಾದಿಗಳು ಅದನ್ನು ಮರಳಿ ಬಿಟ್ಟುಕೊಡದ ಪ್ರಸಂಗಗಳಂತೂ ಬಹಳ.

ಇದಕ್ಕೆ ಆ ಮಕ್ಕಳೇ ಕಂಡುಕೊಂಡ ಒಂದು ಉಪಾಯ ನನಗೆ ಯಾವ ಯೋಜನೆಗಿಂತಲೂ ಹೆಚ್ಚು ಅರ್ಥಪೂರ್ಣವಾಗಿ ತೋರುತ್ತದೆ. 1996ರಲ್ಲಿ ಬುಟಾರೆಯ ವಿಶ್ವವಿದ್ಯಾಲಯದಲ್ಲಿ ಬದುಕುಳಿದ ವಿದ್ಯಾರ್ಥಿಗಳು ಎಇಆರ್‌ಜಿ ಎಂಬ ಸಂಘ ಕಟ್ಟಿಕೊಂಡರು. ಅದರೊಳಗೆ ‘ಕುಟುಂಬ’ಗಳನ್ನು ಮಾಡಿ, ಒಂದೊಂದಕ್ಕೂ ತಮ್ಮಲ್ಲೇ ಒಬ್ಬ ತಂದೆಯನ್ನೂ ಒಬ್ಬ ತಾಯಿಯನ್ನೂ ಆರಿಸಿದರು. ಆ ಅಪ್ಪ ಅಮ್ಮಂದಿರ ವಯಸ್ಸು ‘ಮಕ್ಕಳ’ ವಯಸ್ಸಿಗಿಂತ ಒಂದೆರಡು ವರ್ಷ ಹೆಚ್ಚಿರಬಹುದು, ಇಲ್ಲದೆಯೂ ಇರಬಹುದು. ಹಾಸ್ಟೆಲಿನ ಶುಲ್ಕ ಕಟ್ಟಲು ಓಡಾಡುವುದು, ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ವಿಚಾರಿಸುವುದು, ಕಾಯಿಲೆ ಬಿದ್ದರೆ ಪಕ್ಕದಲ್ಲಿ ಕೂರುವುದು, ಮದುವೆಯ ಮಾತುಕತೆಗೆ ಹಿರಿಯರಾಗಿ ನಿಲ್ಲುವುದು, ಇವೆಲ್ಲ ಅವರ ಪಾಲಿಗೆ ಬಂದವು. ಬಳಿಕ ಈ ಕುಟುಂಬಗಳು ದೇಶದ ಶಾಲೆ ಕಾಲೇಜುಗಳಿಗೆಲ್ಲ ಹರಡಿದವು.

ಇನ್ನು ಅತ್ಯಾಚಾರದಿಂದ ಹುಟ್ಟಿದವರು. ಎರಡು ಸಾವಿರದಿಂದ ಐದು ಸಾವಿರ ಎಂಬುದು ಸರ್ಕಾರದ ಹಳೆಯ ಅಂದಾಜು. ನಿಜಸಂಖ್ಯೆ ಹೆಚ್ಚಿರಲೇಬೇಕು, ಏಕೆಂದರೆ ಹುಟ್ಟಿನ ಕಥೆಯನ್ನು ಮುಚ್ಚಿಟ್ಟ ತಾಯಂದಿರು ಆ ಲೆಕ್ಕಕ್ಕೆ ಬರುವುದಿಲ್ಲ. ಗರ್ಭಪಾತ ಕಾನೂನುಬಾಹಿರವಾಗಿದ್ದ, ಬಹುಪಾಲು ಕ್ಯಾಥೊಲಿಕರಿದ್ದ ದೇಶದಲ್ಲಿ ಈ ಮಕ್ಕಳು 1995ರ ಆರಂಭದ ತಿಂಗಳುಗಳಲ್ಲಿ ಹುಟ್ಟಿದರು. ಜನ ಅವರನ್ನು ಕೆಟ್ಟ ನೆನಪಿನ ಮಕ್ಕಳೆಂದರು. ಕೆಲವು ತಾಯಂದಿರೇ ‘ಪುಟ್ಟ ಕೊಲೆಗಾರ’, ‘ದ್ವೇಷದ ಕೂಸು’ ಎಂಬರ್ಥದ ಹೆಸರಿಟ್ಟರು. ತಾಯಿಯ ಬಂಧುಗಳ ಕಣ್ಣಿಗೆ ಆ ಮಗು ಕೊಂದವರ ಪೈಕಿ. ತಂದೆಯ ಕಡೆಯವರಿಗೆ ಅದು ಬೇಡ. 1998ರಲ್ಲಿ ಸರ್ಕಾರ ಬದುಕುಳಿದವರ ನೆರವಿಗಾಗಿ ನಿಧಿಯೊಂದನ್ನು ಸ್ಥಾಪಿಸಿ, ಅನಾಥರಿಗೆ ಶಾಲಾ ಶುಲ್ಕ ಕೊಡತೊಡಗಿತು. ನಿಜವಾಗಿ ಒಳ್ಳೆಯ ಕೆಲಸವದು; ಅದರಿಂದ ಸಾವಿರಾರು ಮಕ್ಕಳು ಓದಿದರು. ಆದರೆ ನೆರವು ನರಮೇಧದ ಕಾಲದಲ್ಲಿ ಜೀವಂತವಿದ್ದು ಬದುಕಿ ಉಳಿದವರಿಗೆ. ಈ ಮಕ್ಕಳು ಹುಟ್ಟಿದ್ದು ಅದು ಮುಗಿದ ಮೇಲೆ. ಹೀಗಾಗಿ ತಾಯಿಗೆ ನೆರವು ಸಿಕ್ಕಿತು, ಅವಳಿಗೆ ಮೊದಲೇ ಇದ್ದ ಮಕ್ಕಳಿಗೆ ಸಿಕ್ಕಿತು, ಈ ಮಗುವಿಗೆ ಸಿಗಲಿಲ್ಲ. ಒಂದೇ ಮನೆಯಲ್ಲಿ ಇಬ್ಬರಿಗೆ ಶುಲ್ಕ ಬಂದು ಮೂರನೆಯ ಮಗುವಿಗೆ ಬಾರದಿದ್ದಾಗ, ನನಗೇಕಿಲ್ಲ ಎಂದು ಅದು ಕೇಳುತ್ತದೆ, ಮತ್ತು ತಾಯಿ ಅಲ್ಲಿಯವರೆಗೆ ಹೇಳದ್ದನ್ನು ಹೇಳಬೇಕಾಗುತ್ತದೆ. ಈ ಮಕ್ಕಳ ಶುಲ್ಕವನ್ನು ಮುಂದೆ ಖಾಸಗಿ ಸಂಸ್ಥೆಗಳು ಒಂದಿಷ್ಟು ಹೊತ್ತುಕೊಂಡವು. ಈಗ ಅವರು ಮೂವತ್ತು ದಾಟಿದ್ದಾರೆ. ಅವರಲ್ಲಿ ಅನೇಕರಿಗೆ ಮಕ್ಕಳೂ ಇದ್ದಾರೆ.

ಕೊಂದವರಲ್ಲೂ ಮಕ್ಕಳಿದ್ದರೆಂಬುದನ್ನು ಬಿಟ್ಟರೆ ಉತ್ತರ ಅರ್ಧವಾದೀತು. ಹದಿಹರೆಯದ ಸಾವಿರಾರು ಹುಡುಗರು ನರಮೇಧದ ಆರೋಪದ ಮೇಲೆ ಜೈಲು ಸೇರಿದರು. ಹದಿನಾಲ್ಕರೊಳಗಿನವರನ್ನು ಕಾನೂನು ಶಿಕ್ಷಿಸುವಂತಿರಲಿಲ್ಲವಾದ್ದರಿಂದ ಅವರನ್ನು ಗಿಟಗಾಟಾ ಎಂಬಲ್ಲಿನ ಕೇಂದ್ರದಲ್ಲಿ ಇರಿಸಲಾಯಿತು. ಅವರನ್ನು ಮರಳಿ ಮನೆಗೆ ಸೇರಿಸಿಕೊಳ್ಳುವುದೂ ಸುಲಭವಾಗಿರಲಿಲ್ಲ.

ಪ್ರಶ್ನೆ: ಗಂಡ, ಮಾವ, ಮೈದುನರೆಲ್ಲ ಸತ್ತ ಮೇಲೆ ಹೊಲ ಮನೆ ಯಾರಿಗೆ ಹೋದವು?
(ವಕೀಲರು, ಬಳ್ಳಾರಿ)

ಉತ್ತರ: ರುವಾಂಡಾದ ಸಾಂಪ್ರದಾಯಿಕ ಕ್ರಮದಲ್ಲಿ ಭೂಮಿ ತಂದೆಯಿಂದ ಗಂಡುಮಕ್ಕಳಿಗೆ ಹೋಗುತ್ತಿತ್ತು. ವಿಧವೆ ಮಕ್ಕಳ ಹೆಸರಿನಲ್ಲಿ ಅದನ್ನು ಅನುಭವಿಸಬಹುದಿತ್ತು. ಮಕ್ಕಳೇ ಇಲ್ಲದಿದ್ದರೆ ಅಥವಾ ಹೆಣ್ಣುಮಕ್ಕಳು ಮಾತ್ರ ಉಳಿದಿದ್ದರೆ ಗಂಡನ ಕಡೆಯವರ ದಯೆ. ನರಮೇಧದ ನಂತರ ದೇಶದ ಮನೆಗಳಲ್ಲಿ ಮೂರರಲ್ಲೊಂದು ಹೆಂಗಸರ ಯಜಮಾನಿಕೆಯಲ್ಲಿತ್ತು. ಇವರೆಲ್ಲ ಟುಟ್ಸಿ ವಿಧವೆಯರಲ್ಲ. ಲಕ್ಷಕ್ಕೂ ಹೆಚ್ಚು ಗಂಡಸರು ಜೈಲಿನಲ್ಲಿದ್ದರು, ಅವರ ಊಟವನ್ನು ಬಹುಮಟ್ಟಿಗೆ ಮನೆಯವರೇ ಹೊತ್ತು ತರಬೇಕಿತ್ತು. ಹೊಲವನ್ನೂ ಉತ್ತು, ಬುತ್ತಿಯನ್ನೂ ಹೊತ್ತು ಮೈಲಿಗಟ್ಟಲೆ ನಡೆದವರು ಹುಟು ಹೆಂಡತಿಯರು. 1994ರ ಜುಲೈಯಲ್ಲಿ ಕಗಾಮೆಯ ಪಡೆ ಗೆದ್ದಾಗ ಪಕ್ಕದ ಜೈರ್‌ನ (ಇಂದಿನ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ) ಗೋಮಾಕ್ಕೆ ಓಡಿಹೋದ ಲಕ್ಷಾಂತರ ಹುಟುಗಳಲ್ಲಿ ಹೆಂಗಸರೂ ಮಕ್ಕಳೂ ತುಂಬಿದ್ದರು, ಅಲ್ಲಿ ಹಬ್ಬಿದ ಕಾಲರಾದಲ್ಲಿ ಹತ್ತಾರು ಸಾವಿರ ಜನ ಸತ್ತರು. ಇದನ್ನು ನರಮೇಧದ ತಕ್ಕಡಿಯ ಇನ್ನೊಂದು ತಟ್ಟೆಗೆ ಹಾಕಿ ತೂಗುವವರನ್ನು ನಾನು ಒಪ್ಪುವುದಿಲ್ಲ. ಆದರೆ ಹೇಳದೆ ಬಿಡುವುದೂ ಸರಿಯಲ್ಲ.

ವಿಧವೆಯರು ತಾವೇ ಸಂಘಟಿತರಾದರು. 1995ರ ಜನವರಿಯಲ್ಲಿ ಐವತ್ತು ಮಂದಿ ಸೇರಿ ‘ಅವೇಗಾ ಅಗಹೋಜೊ’ ಎಂಬ ಸಂಘ ಕಟ್ಟಿದರು. ಚಿಕಿತ್ಸೆ, ಆಪ್ತಸಮಾಲೋಚನೆ, ಕಾನೂನಿನ ನೆರವು ಮೂರನ್ನೂ ಅದು ಕೈಗೆತ್ತಿಕೊಂಡಿತು. ಇಂಥ ಸಂಘಗಳ ಮತ್ತು ಮಹಿಳಾ ಸಂಸದೆಯರ ಪ್ರಯತ್ನದಿಂದ 1999ರ ನವೆಂಬರಿನಲ್ಲಿ ಬಂದ ಉತ್ತರಾಧಿಕಾರ ಕಾನೂನು ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು ಕೊಟ್ಟಿತು. ಅದರಲ್ಲೂ ಒಂದು ಬಿರುಕು ಉಳಿಯಿತು: ಕಾನೂನಿನ ರಕ್ಷಣೆ ನೋಂದಾಯಿತ ಮದುವೆಗಳಿಗೆ ಮಾತ್ರ, ಹಳ್ಳಿಗಳಲ್ಲಿ ಹೆಚ್ಚಿನ ಮದುವೆಗಳು ಸಂಪ್ರದಾಯದಂತೆ ಆದವು. ಕಾಗದದಲ್ಲಿ ಪಾಲಿದ್ದೂ ಅಣ್ಣತಮ್ಮಂದಿರ ಮುಖ ನೋಡಿ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಹೆಣ್ಣುಮಕ್ಕಳನ್ನು ನಿತ್ಯ ಕಾಣುವ ನಿಮಗೆ ಉಳಿದದ್ದು ಊಹೆಗೆ ಸಿಗುತ್ತದೆ.

ಪ್ರಶ್ನೆ: ನಮ್ಮ ತಾಲ್ಲೂಕಿನಲ್ಲಿ ಪೂರ್ವ ಬಂಗಾಳದಿಂದ ಬಂದ ಕುಟುಂಬಗಳ ಪುನರ್ವಸತಿ ಕ್ಯಾಂಪುಗಳಿವೆ. 1971ರಲ್ಲಿ ಅಲ್ಲಿ ನಡೆದದ್ದರ ಬಗ್ಗೆಯೂ ಬರೆಯಿರಿ.
(ಕಾಲೇಜು ಉಪನ್ಯಾಸಕರು, ಸಿಂಧನೂರು)

ಉತ್ತರ: 1971ರ ಮಾರ್ಚ್ 25ರ ರಾತ್ರಿಯಿಂದ ಡಿಸೆಂಬರ್ 16ರವರೆಗೆ ಪಾಕಿಸ್ತಾನದ ಸೈನ್ಯ ಮತ್ತು ಅದರ ಸ್ಥಳೀಯ ಸಹಾಯಕರು ನಡೆಸಿದ ಹಿಂಸೆಯಿಂದ ಸುಮಾರು ಒಂದು ಕೋಟಿ ಜನ ಭಾರತಕ್ಕೆ ಓಡಿಬಂದರು. ಅವರಲ್ಲಿ ಹಿಂದೂಗಳ ಪ್ರಮಾಣ ಬಹಳ ಹೆಚ್ಚಿತ್ತು. ಸತ್ತವರ ಸಂಖ್ಯೆಯ ಬಗ್ಗೆ ಇಂದಿಗೂ ವಾದವಿದೆ. ಬಾಂಗ್ಲಾದೇಶದ ಅಧಿಕೃತ ಲೆಕ್ಕದಲ್ಲಿ ಅದು ಮೂವತ್ತು ಲಕ್ಷ, ಅತ್ಯಾಚಾರಕ್ಕೊಳಗಾದ ಹೆಂಗಸರು ಎರಡು ಲಕ್ಷ. ಹೊಸ ಸರ್ಕಾರ ಈ ಹೆಂಗಸರಿಗೆ ‘ಬೀರಾಂಗನಾ’ ಎಂಬ ಬಿರುದು ಕೊಟ್ಟಿತು. ವೀರಾಂಗನೆ ಎಂಬ ಗೌರವದ ಬಿರುದೇ ಊರಿನಲ್ಲಿ ಗುರುತಿನ ಕಳಂಕವಾಗಿ, ಗಂಡಂದಿರು ಬಿಟ್ಟರು, ಮನೆಯವರು ಬಾಗಿಲು ಹಾಕಿದರು. ಗರ್ಭಪಾತಕ್ಕೆ ತಾತ್ಕಾಲಿಕ ಅವಕಾಶ ಕೊಡಲಾಯಿತು. ಹುಟ್ಟಿದ ಮಕ್ಕಳನ್ನು ವಿದೇಶಗಳಿಗೆ ದತ್ತು ಕೊಡಲು 1972ರಲ್ಲಿ ವಿಶೇಷ ಆದೇಶವೇ ಹೊರಟಿತು, ಅದೇ ವರ್ಷ ಜುಲೈಯಲ್ಲಿ ಮೊದಲ ಹದಿನೈದು ಶಿಶುಗಳು ಕೆನಡಾಕ್ಕೆ ಹೋದವು. ಆ ಮಕ್ಕಳಿಗೆ ಒಳ್ಳೆಯ ಮನೆಗಳು ಸಿಕ್ಕವು, ನಿಜ. ಆದರೆ ತಾಯಿಗೆ ತನ್ನ ಮಗುವನ್ನು ಇಟ್ಟುಕೊಳ್ಳುವ ದಾರಿಯೊಂದು ಇರಬಹುದೆಂದು ಯಾರೂ ಗಂಭೀರವಾಗಿ ಯೋಚಿಸಿದಂತೆ ಕಾಣುವುದಿಲ್ಲ. ತಂದೆಯಿಲ್ಲದ ಮಗು ದೇಶದಲ್ಲೇ ಇರಬಾರದು ಎಂದೇ ಎಲ್ಲರೂ ಭಾವಿಸಿದರು. ಶಿಲ್ಪಿ ಫಿರ್ದೌಸಿ ಪ್ರಿಯಭಾಷಿಣಿ ತಮಗಾದದ್ದನ್ನು ಬಹಿರಂಗವಾಗಿ ಹೇಳಿದ್ದು 1999ರಲ್ಲಿ, ಇಪ್ಪತ್ತೆಂಟು ವರ್ಷಗಳ ಮೇಲೆ. ಬೀರಾಂಗನೆಯರನ್ನು ಮುಕ್ತಿಯೋಧರೆಂದು ಪರಿಗಣಿಸಿ ಪಿಂಚಣಿ ಕೊಡುವ ಕ್ರಮ ಜಾರಿಗೆ ಬಂದದ್ದು 2015ರಲ್ಲಿ.

ಪ್ರಶ್ನೆ: ಈಗ ರುವಾಂಡಾ ಸಂಸತ್ತಿನಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು ಎನ್ನುತ್ತಾರೆ. ಇದನ್ನು ನರಮೇಧದ ಒಳ್ಳೆಯ ಪರಿಣಾಮ ಎನ್ನಬಹುದೆ?
(ಪಂಚಾಯಿತಿ ಸದಸ್ಯೆ, ಬೀದರ್ ಜಿಲ್ಲೆ)

ಉತ್ತರ: ಅಂಕಿ ಸರಿ. 2003ರ ಸಂವಿಧಾನ ಶೇಕಡ 30ರಷ್ಟು ಸ್ಥಾನಗಳನ್ನು ಹೆಂಗಸರಿಗೆ ಖಾತರಿ ಮಾಡಿತು. 2008ರ ಚುನಾವಣೆಯಲ್ಲಿ ಕೆಳಮನೆಯ ಶೇಕಡ 56 ಸ್ಥಾನಗಳು ಅವರ ಪಾಲಾಗಿ, ಜಗತ್ತಿನಲ್ಲೇ ಮೊದಲ ಬಾರಿಗೆ ಹೆಂಗಸರ ಬಹುಮತದ ಸಂಸತ್ತು ರೂಪುಗೊಂಡಿತು. 2013ರಲ್ಲಿ ಅದು ಶೇಕಡ 64ರ ಹತ್ತಿರ ಬಂತು. ‘ಪರಿಣಾಮ’ ಎಂಬುದನ್ನು ಮಾತ್ರ ನಾನು ಒಪ್ಪಲಾರೆ. ಕಾಂಬೋಡಿಯಾದಲ್ಲಿ ಲಕ್ಷಾಂತರ ಜನರ ಜೀವ ತೆಗೆದ ಖ್ಮೇರ್ ರೂಜ್ ಆಳ್ವಿಕೆಯ ನಂತರವೂ ಹೆಂಗಸರು ಗಂಡಸರಿಗಿಂತ ಬಹಳ ಹೆಚ್ಚಿದ್ದರು, ಅಲ್ಲಿನ ಸಂಸತ್ತು ಹೀಗಾಗಲಿಲ್ಲ. ರುವಾಂಡಾದಲ್ಲಿ ಸಂಘಗಳು ಕೇಳಿದವು, ಆಳುವ ಪಕ್ಷಕ್ಕೆ ಅದು ಅನುಕೂಲವೆನಿಸಿತು, ಕಾನೂನು ಬಂತು. ಸಂಸದೆಯರು ತಾವೇ ಮಂಡಿಸಿದ ಲಿಂಗಾಧಾರಿತ ಹಿಂಸೆಯ ವಿರುದ್ಧದ ಮಸೂದೆ 2008ರಲ್ಲಿ ಕಾಯಿದೆಯಾದದ್ದು ಸಣ್ಣ ಸಾಧನೆಯಲ್ಲ. ‘ಗಚಾಚ’ ಎಂಬ ಊರ ನ್ಯಾಯಪಂಚಾಯಿತಿಗಳಲ್ಲೂ, ಹಿಂದೆ ಗಂಡಸರೇ ಕೂರುತ್ತಿದ್ದ ಜಾಗದಲ್ಲಿ, ಹೆಂಗಸರು ನ್ಯಾಯ ಹೇಳಿದರು. 2012ರಲ್ಲಿ ಮುಗಿಯುವ ಹೊತ್ತಿಗೆ ಅವು ಹತ್ತೊಂಬತ್ತು ಲಕ್ಷದಷ್ಟು ಪ್ರಕರಣಗಳನ್ನು ನೋಡಿದ್ದವು. ಆದರೆ ಅಧ್ಯಕ್ಷರ ಮಾತೇ ಅಂತಿಮವಾದ, ವಿರೋಧಪಕ್ಷಕ್ಕೆ ಉಸಿರಾಡಲು ಎಡೆಯಿಲ್ಲದ ವ್ಯವಸ್ಥೆಯಲ್ಲಿ ಸಂಸತ್ತಿಗೆ ಎಷ್ಟು ಬಲವಿದೆಯೆಂಬ ಪ್ರಶ್ನೆ ಉಳಿಯುತ್ತದೆ. ಕುರ್ಚಿಯ ಮೇಲೆ ಕುಳಿತವರಿಗೂ ನಿರ್ಣಯ ಮಾಡುವವರಿಗೂ ನಡುವಿನ ಅಂತರ ಪಂಚಾಯಿತಿ ಸದಸ್ಯೆಯಾದ ನಿಮಗೆ ಹೊಸದೇನಲ್ಲ.

ಪ್ರಶ್ನೆ: ಭಾರತದಲ್ಲಿ ನರಮೇಧದ ವಿರುದ್ಧ ಕಾನೂನು ಇದೆಯೆ?
(ಕಾನೂನು ವಿದ್ಯಾರ್ಥಿ, ಬೆಂಗಳೂರು)

ಉತ್ತರ: ಭಾರತ ವಿಶ್ವಸಂಸ್ಥೆಯ 1948ರ ನರಮೇಧ ಒಪ್ಪಂದಕ್ಕೆ 1949ರಲ್ಲಿ ಸಹಿ ಹಾಕಿ 1959ರಲ್ಲಿ ಅದನ್ನು ಅನುಮೋದಿಸಿದೆ. ಒಪ್ಪಂದದ ಐದನೆಯ ವಿಧಿಯಂತೆ ಪ್ರತಿ ದೇಶವೂ ತನ್ನಲ್ಲಿ ಅದಕ್ಕೆ ತಕ್ಕ ಕಾನೂನು ಮಾಡಬೇಕು. ನಾವು ಈವರೆಗೆ ಮಾಡಿಲ್ಲ. 1984ರ ಸಿಖ್ ವಿರೋಧಿ ಹಿಂಸೆಗೆ ಸಂಬಂಧಿಸಿದ ಸಜ್ಜನ್ ಕುಮಾರ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2018ರ ಡಿಸೆಂಬರ್ 17ರ ತೀರ್ಪಿನಲ್ಲಿ, ಮಾನವತೆಯ ವಿರುದ್ಧದ ಅಪರಾಧವಾಗಲಿ ನರಮೇಧವಾಗಲಿ ನಮ್ಮ ದಂಡಸಂಹಿತೆಯಲ್ಲಿ ಇಲ್ಲವೆಂದು ಎತ್ತಿ ತೋರಿಸಿ, ಈ ಕೊರತೆಯನ್ನು ತುರ್ತಾಗಿ ತುಂಬಬೇಕೆಂದು ಹೇಳಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅವು ಸೇರಲಿಲ್ಲ. ಕೋಮು ಅಥವಾ ಪಂಥೀಯ ಹಿಂಸೆಯ ಸಂದರ್ಭದಲ್ಲಿ ನಡೆಯುವ ಅತ್ಯಾಚಾರಕ್ಕೆ ಹೆಚ್ಚಿನ ಶಿಕ್ಷೆ ವಿಧಿಸುವ ಉಪನಿಯಮವೊಂದು 2013ರಲ್ಲಿ ಹಳೆಯ ಸಂಹಿತೆಗೆ ಸೇರಿತು, ಹೊಸದರಲ್ಲೂ 64ನೆಯ ಕಲಮಿನಲ್ಲಿ ಅದು ಮುಂದುವರಿದಿದೆ. ಆ ನಿಯಮದ ಕೆಳಗೆ ಮಾಡಿದವನನ್ನು ಹಿಡಿಯಬಹುದು. ಟಾಬಾದ ಅಕಾಯೇಸುವಿನಂತೆ, ತಾನು ಕೈ ಸೋಕಿಸದೆ, ತನ್ನ ಕಚೇರಿಯ ಅಂಗಳದಲ್ಲಿ ಅದು ನಡೆಯಲು ಬಿಟ್ಟು ಪ್ರೋತ್ಸಾಹಿಸಿದ ಅಧಿಕಾರಿಯನ್ನು ಒಂದು ಸಮುದಾಯದ ನಾಶಕ್ಕೆ ಹೊಣೆಯೆಂದು ಕಟಕಟೆಗೆ ತರಲು ಅದು ಸಾಲದು.